ಡಿವಿಡಿ ಪ್ಲೇಯರ್ ನೀವೇ ಬರೆಯಲು ಹೊರಟಿದ್ದೀರಾ? ಪದೇ ಪದೇ ಕೇಳುವ ಪ್ರಶ್ನೆಗಳು

ಸಿ ಭಾಷೆ ಸ್ವಲ್ಪ ಗೊತ್ತಿದೆ, ಲಿನಕ್ಸ್ ಟರ್ಮಿನಲ್ ಕಂಡರೆ ಹೆದರಿಕೆ ಇಲ್ಲ, ಆದರೆ ಡಿವಿಡಿಯ ಒಳಗೆ ಏನಿದೆ ಅಂತ ಇದುವರೆಗೆ ನೋಡಿಲ್ಲ. ಅಂಥವರಿಗಾಗಿ ಇದು. ಡಿವಿಡಿ ಓದುವ ಉಚಿತ, ಮುಕ್ತ ಲೈಬ್ರರಿಗಳನ್ನು ಹಿಡಿದು ಕೆಲಸ ಶುರು ಮಾಡುವಾಗ ಎಲ್ಲರೂ ಎಡವುವ ಜಾಗಗಳನ್ನೇ ಇಲ್ಲಿ ಜಾಸ್ತಿ ಹೇಳಿದೆ. ಸುಲಭದ ಜಾಗಗಳಲ್ಲಿ ಬೇಗ ಮುಂದೆ ಹೋಗಿದೆ.

ಇದು ಒಂದೇ ಕಿಟ್ಟಾ? ಎಲ್ಲಿಂದ ಡೌನ್‌ಲೋಡ್ ಮಾಡಬೇಕು?

ಒಂದೇ ಕಿಟ್ ಅಲ್ಲ, ಮೂರು ಲೈಬ್ರರಿ. ಲಿಬ್‌ಡಿವಿಡಿರೀಡ್, ಲಿಬ್‌ಡಿವಿಡಿನ್ಯಾವ್, ಲಿಬ್‌ಡಿವಿಡಿಸಿಎಸ್‌ಎಸ್. ಮೂರನ್ನೂ ಈಗ ನೋಡಿಕೊಳ್ಳುವುದು ವಿಡಿಯೋಲ್ಯಾನ್. ಅಂದರೆ ವಿಎಲ್‌ಸಿ ಪ್ಲೇಯರ್ ಮಾಡಿದ ಅದೇ ಬಳಗ. ಪ್ಯಾರಿಸ್ಸಿನ ಎಕೋಲ್ ಸಾಂತ್ರಾಲ್ ಕಾಲೇಜಿನಲ್ಲಿ 1996ರಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದದ್ದು ಅದು.

ಕೆಲಸ ಹೀಗೆ ಹಂಚಿಕೆಯಾಗಿದೆ. ಡಿಸ್ಕಿನ ಮೇಲಿನ ಫೈಲುಗಳನ್ನು ಹುಡುಕಿ ಓದಿ, ಅವುಗಳ ಒಳಗಿನ ಟೇಬಲ್ಲುಗಳನ್ನು ಬಿಡಿಸಿ ಕೊಡುವುದು ಲಿಬ್‌ಡಿವಿಡಿರೀಡ್. ಮೆನು, ಬಟನ್, ಟೈಟಲ್‌ನಿಂದ ಟೈಟಲ್‌ಗೆ (ಅಂದರೆ ಡಿಸ್ಕಿನಲ್ಲಿರುವ ಒಂದು ವಿಡಿಯೋದಿಂದ ಇನ್ನೊಂದಕ್ಕೆ) ಹಾರುವುದು, ಇದೆಲ್ಲ ಲಿಬ್‌ಡಿವಿಡಿನ್ಯಾವ್‌ನ ಪಾಲು. ಅದು ಲಿಬ್‌ಡಿವಿಡಿರೀಡ್‌ನ ಮೇಲೆ ಕೂತಿರುತ್ತದೆ. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕುಗಳ ಬೀಗ ತೆಗೆಯುವುದು ಲಿಬ್‌ಡಿವಿಡಿಸಿಎಸ್‌ಎಸ್. ಚಿತ್ರ ಮತ್ತು ಧ್ವನಿಯನ್ನು ಡಿಕೋಡ್ ಮಾಡುವುದು ಈ ಮೂರರಲ್ಲಿ ಯಾವುದೂ ಅಲ್ಲ. ಅದಕ್ಕೆ ಎಫ್‌ಎಫ್‌ಎಂಪೆಗ್‌ನ ಲಿಬ್‌ಎವಿಕೋಡೆಕ್ ಬೇಕು.

ಲಿಬ್‌ಡಿವಿಡಿರೀಡ್‌ನ ಬೇರು ಓಗಲ್ ಎನ್ನುವ ಪ್ಲೇಯರ್‌ನಲ್ಲಿದೆ. ಸ್ವೀಡನ್ನಿನ ಚಾಲ್ಮರ್ಸ್ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬರೆದದ್ದು ಅದು. ಲಿನಕ್ಸ್‌ನಲ್ಲಿ ಡಿವಿಡಿ ಮೆನು ಸರಿಯಾಗಿ ಕೆಲಸ ಮಾಡುವಂತೆ ಮಾಡಿದವರಲ್ಲಿ ಇವರು ಮೊದಲಿಗರು. ಆಗ ಡಿವಿಡಿಯ ಅಧಿಕೃತ ವಿವರಣೆ ಬೇಕೆಂದರೆ ದುಡ್ಡು ಕಟ್ಟಬೇಕಿತ್ತು, ಜೊತೆಗೆ ಯಾರಿಗೂ ಹೇಳುವುದಿಲ್ಲ ಅಂತ ಸಹಿ ಹಾಕಬೇಕಿತ್ತು. ಹಾಗಾಗಿ ಡಿಸ್ಕುಗಳ ಬೈಟುಗಳನ್ನೇ ನೋಡಿ ನೋಡಿ ಅರ್ಥ ಮಾಡಿಕೊಂಡು ಬರೆದ ಕೋಡ್ ಇದು. ಕೋಡಿನೊಳಗೆ ಅಲ್ಲಲ್ಲಿ 'ಗೊತ್ತಿಲ್ಲ' ಅಂತ ಹೆಸರಿಟ್ಟ ಫೀಲ್ಡುಗಳು ಕಂಡರೆ ಆಶ್ಚರ್ಯ ಬೇಡ.

ನಮ್ಮ ಟಿವಿ ಕೆಳಗೆ ಇರುವ ಡಿವಿಡಿ ಪ್ಲೇಯರ್‌ಗೆ ಇದರಿಂದ ಪ್ರೋಗ್ರಾಂ ಹಾಕಬಹುದಾ?

ಆಗುವುದಿಲ್ಲ. ಆ ಪೆಟ್ಟಿಗೆಯ ಫರ್ಮ್‌ವೇರ್ ಅದರ ಕಂಪನಿಯದ್ದು, ಬೀಗ ಹಾಕಿರುತ್ತದೆ. ಈ ಲೈಬ್ರರಿಗಳು ಕಂಪ್ಯೂಟರಿನಲ್ಲಿ ಓಡುವ ಪ್ಲೇಯರ್ ಬರೆಯುವುದಕ್ಕೆ.

ಆದರೆ ಒಂದು ದಾರಿ ಇದೆ. ಡಿಸ್ಕ್ ಒಳಗೇ ಪ್ರೋಗ್ರಾಂ ಬರೆಯಬಹುದು. ಪ್ರತಿ ಡಿವಿಡಿ ಪ್ಲೇಯರ್ ಒಳಗೂ ಒಂದು ಪುಟಾಣಿ ವರ್ಚುವಲ್ ಮೆಷಿನ್ ಇರುತ್ತದೆ. ನಿಮ್ಮ ಬಳಕೆಗೆ 16 ರಿಜಿಸ್ಟರ್, ಪ್ಲೇಯರಿನ ಸ್ಥಿತಿ ಹೇಳುವ 24 ರಿಜಿಸ್ಟರ್, ಒಂದೊಂದೂ 16 ಬಿಟ್. ಒಂದೊಂದು ಆದೇಶ 8 ಬೈಟ್. ಕೂಡಿಸು, ಕಳೆ, ಹೋಲಿಸು, ಹಾರು, ರ್‍ಯಾಂಡಮ್ ಸಂಖ್ಯೆ ಕೊಡು. ಕ್ವಿಜ್ ಆಟದ ಡಿವಿಡಿಗಳು ಮಾಡಿದ್ದು ಇಷ್ಟರಲ್ಲೇ. ಡಿವಿಡಿಆಥರ್ ಎನ್ನುವ ಉಚಿತ ಸಾಧನದಲ್ಲಿ ನೀವೂ ಮಾಡಬಹುದು. ಯಾವ ಕಂಪನಿಯ ಪೆಟ್ಟಿಗೆಯಲ್ಲಾದರೂ ಓಡುತ್ತದೆ.

ಈ ಕಾಲದಲ್ಲಿ ಡಿವಿಡಿ ಯಾರಿಗೆ ಬೇಕು?

ನಿಮ್ಮ ಮನೆಯ ಬೀರು ತೆಗೆದು ನೋಡಿ. ಅಕ್ಕನ ಮದುವೆ, ಮನೆ ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ, ಎಲ್ಲ ಸ್ಟುಡಿಯೋದವರು ಕೊಟ್ಟ ಡಿವಿಡಿಯಲ್ಲೇ ಇರುತ್ತದೆ, ಅಲ್ವಾ? ಆದರೆ ಹೊಸ ಲ್ಯಾಪ್‌ಟಾಪಿನಲ್ಲಿ ಡ್ರೈವ್ ಇಲ್ಲ. ವಿಂಡೋಸ್ 8 ಬಂದಾಗಿನಿಂದ ಡಿವಿಡಿ ಓಡಿಸುವ ಸೌಲಭ್ಯವೂ ಅದರ ಜೊತೆ ಬರುವುದಿಲ್ಲ. ಬೇಕಾದವರು ಇದ್ದಾರೆ.

ವಿಒಬಿ ಫೈಲನ್ನೇ ನೇರ ಓಡಿಸಿದರೆ ಸಾಕಲ್ವಾ? ಇಷ್ಟೆಲ್ಲ ಲೈಬ್ರರಿ ಯಾಕೆ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ. ಇದಕ್ಕೆ ಉತ್ತರ ಸರಿಯಾಗಿ ಗೊತ್ತಾದರೆ ಅರ್ಧ ಕೆಲಸ ಆದಂತೆ.

ಡಿಸ್ಕ್ ತೆರೆದರೆ 'ವಿಡಿಯೋ ಟಿಎಸ್' ಎನ್ನುವ ಫೋಲ್ಡರ್ ಕಾಣುತ್ತದೆ. ಅದರಲ್ಲಿ ಮೂರು ಥರದ ಫೈಲು. ವಿಒಬಿ ಅಂದರೆ ಚಿತ್ರ, ಧ್ವನಿ, ಸಬ್‌ಟೈಟಲ್ ಎಲ್ಲ ಬೆರೆಸಿದ ಎಂಪೆಗ್ ಪ್ರವಾಹ. ಒಂದೊಂದು ಫೈಲು 1 ಜಿಬಿ ದಾಟದಂತೆ ತುಂಡು ಮಾಡಿರುತ್ತಾರೆ. ಐಎಫ್‌ಒ ಅಂದರೆ ಅದರ ನಕ್ಷೆ. ಬಿಯುಪಿ ಅಂದರೆ ಐಎಫ್‌ಒದ ನಕಲು, ಡಿಸ್ಕಿನ ಒಂದು ಜಾಗ ಗೀರಿದರೆ ಇನ್ನೊಂದು ಜಾಗದಲ್ಲಿ ಇರಲಿ ಅಂತ.

ವಿಒಬಿಯನ್ನು ಮೊದಲಿನಿಂದ ಕೊನೆವರೆಗೆ ಓದಿದರೆ ಸಿನಿಮಾ ಬರುತ್ತದೆ ಅಂತ ಅನಿಸುತ್ತದೆ. ಎಷ್ಟೋ ಸಲ ಬರುತ್ತದೆ ಕೂಡ. ಮದುವೆ ಡಿವಿಡಿಯಲ್ಲಿ ಬಹುತೇಕ ಬಂದೇ ಬರುತ್ತದೆ. ಮೋಸ ಇರುವುದು ಅಲ್ಲೇ. ಯಾಕೆಂದರೆ ವಿಒಬಿಯಲ್ಲಿ ತುಣುಕುಗಳು ಇರುವ ಕ್ರಮ ಬೇರೆ, ನೋಡಬೇಕಾದ ಕ್ರಮ ಬೇರೆ. ತುಣುಕಿಗೆ ಡಿವಿಡಿಯವರು ಇಟ್ಟ ಹೆಸರು ಸೆಲ್. ಯಾವ ಸೆಲ್ ಆದ ಮೇಲೆ ಯಾವ ಸೆಲ್ ಅಂತ ಹೇಳುವುದು ಪ್ರೋಗ್ರಾಂ ಚೈನ್, ಅಂದರೆ ಪಿಜಿಸಿ. ಅದು ಇರುವುದು ಐಎಫ್‌ಒ ಒಳಗೆ. ಒಂದೇ ದೃಶ್ಯವನ್ನು ಎರಡು ಕ್ಯಾಮೆರಾ ಕೋನದಲ್ಲಿ ಕೊಟ್ಟಿದ್ದರೆ (9 ಕೋನದವರೆಗೆ ಅವಕಾಶ ಇದೆ) ಎರಡೂ ಕೋನದ ಚೂರುಗಳು ಒಂದರ ಪಕ್ಕ ಒಂದು ಹೆಣೆದುಕೊಂಡಿರುತ್ತವೆ. ಅದನ್ನು ಸುಮ್ನೆ ಓದಿಕೊಂಡು ಹೋದರೆ ಅರೆ ಸೆಕೆಂಡಿಗೊಮ್ಮೆ ಚಿತ್ರ ಆ ಕಡೆ ಈ ಕಡೆ ಹಾರುತ್ತದೆ. ಐಎಫ್‌ಒ ಬಿಟ್ಟು ವಿಒಬಿ ಓದುವುದು ಅಂದರೆ ಪುಟಸಂಖ್ಯೆ ಇಲ್ಲದೆ ಬಿಡಿಬಿಡಿಯಾದ ಪುಸ್ತಕ ಓದಿದ ಹಾಗೆ.

ಇನ್ನೂ ಒಂದು ಇದೆ. ಪಿಜಿಸಿಯ ಮುಂದೆ, ಹಿಂದೆ, ಸೆಲ್ ಮುಗಿದಾಗ, ಬಟನ್ ಒತ್ತಿದಾಗ, ಹೀಗೆ ಎಲ್ಲ ಕಡೆ ಆ 8 ಬೈಟಿನ ಆದೇಶಗಳು ಇರುತ್ತವೆ. 'ಭಾಷೆ ಇಂಗ್ಲಿಷ್ ಆದರೆ ಇಲ್ಲಿಗೆ ಹೋಗು, ಮೂರನೇ ರಿಜಿಸ್ಟರಿನಲ್ಲಿ 1 ಇದ್ದರೆ ಅಲ್ಲಿಗೆ ಹೋಗು' ಅಂತ. ಡಿವಿಡಿ ಅನ್ನುವುದೇ ಒಂದು ಪ್ರೋಗ್ರಾಂ. ನೀವು ಬರೆಯುತ್ತಿರುವುದು ಅದನ್ನು ಓಡಿಸುವ ಯಂತ್ರ. ವಿಡಿಯೋ ಪ್ಲೇಯರ್ ಬರೆಯುತ್ತಿದ್ದೇನೆ ಅಂದುಕೊಂಡು ಹೊರಟವರು ಸಿಕ್ಕಿಹಾಕಿಕೊಳ್ಳುತ್ತಾರೆ.

ಇನ್‌ಸ್ಟಾಲ್ ಹೇಗೆ?

ಡೆಬಿಯನ್, ಉಬುಂಟುವಿನಲ್ಲಿ ಲಿಬ್‌ಡಿವಿಡಿರೀಡ್, ಲಿಬ್‌ಡಿವಿಡಿನ್ಯಾವ್ ಎರಡರ ಡೆವ್ ಪ್ಯಾಕೇಜುಗಳನ್ನು ಹಾಕಿಕೊಳ್ಳಿ. ಡೆವ್ ಇಲ್ಲದ ಪ್ಯಾಕೇಜಿನಲ್ಲಿ ಹೆಡರ್ ಫೈಲು ಇರುವುದಿಲ್ಲ, ಕಂಪೈಲ್ ಆಗುವುದಿಲ್ಲ. ಫೆಡೋರಾದಲ್ಲಿ ಇದೇ ಕೆಲಸಕ್ಕೆ 'ಡೆವೆಲ್' ಅಂತ ಇರುತ್ತದೆ. ಮ್ಯಾಕ್‌ನಲ್ಲಿ ಹೋಮ್‌ಬ್ರೂ, ವಿಂಡೋಸ್‌ನಲ್ಲಿ ಎಂಸಿಸ್2. ಲಿಂಕ್ ಮಾಡುವ ಫ್ಲ್ಯಾಗುಗಳನ್ನು ಕೈಯಲ್ಲಿ ಬರೆಯಬೇಡಿ, ಪಿಕೆಜಿ-ಕಾನ್ಫಿಗ್ ಕೇಳಿದರೆ ಅದೇ ಕೊಡುತ್ತದೆ.

ಲಿಬ್‌ಡಿವಿಡಿಸಿಎಸ್‌ಎಸ್ ಮಾತ್ರ ಡೆಬಿಯನ್‌ನ ಮುಖ್ಯ ಕಣಜದಲ್ಲಿ ಇಲ್ಲ. 'ಕಾಂಟ್ರಿಬ್' ವಿಭಾಗದಲ್ಲಿ ಲಿಬ್‌ಡಿವಿಡಿ-ಪಿಕೆಜಿ ಅಂತ ಇದೆ. ಅದು ಸೋರ್ಸ್ ತಂದು ನಿಮ್ಮ ಮೆಷಿನ್ನಿನಲ್ಲೇ ಕಂಪೈಲ್ ಮಾಡುತ್ತದೆ. ಇದನ್ನು ನಿಮ್ಮ ಪ್ರೋಗ್ರಾಂಗೆ ಲಿಂಕ್ ಮಾಡುವ ಅಗತ್ಯ ಇಲ್ಲ. ಇದ್ದರೆ ಲಿಬ್‌ಡಿವಿಡಿರೀಡ್ ಓಡುವ ಹೊತ್ತಿನಲ್ಲಿ ತಾನೇ ಹುಡುಕಿ ಬಳಸಿಕೊಳ್ಳುತ್ತದೆ.

ಮೊದಲ ಪರೀಕ್ಷೆಗೆ ಯಾವ ಡಿಸ್ಕ್ ಒಳ್ಳೆಯದು?

ಸಿನಿಮಾ ಡಿಸ್ಕ್ ಬೇಡವೇ ಬೇಡ. ಬೀಗ, ರೀಜನ್, ನಕಲಿ ಟೈಟಲ್, ಎಲ್ಲ ತಲೆನೋವೂ ಒಟ್ಟಿಗೆ ಬರುತ್ತದೆ. ಸ್ಟುಡಿಯೋದವರು ಬರೆದುಕೊಟ್ಟ ಮದುವೆ ಡಿಸ್ಕ್ ಸಾಕು. ಅದಕ್ಕೆ ಬೀಗ ಇರುವುದಿಲ್ಲ.

ಅದಕ್ಕಿಂತ ಒಳ್ಳೆಯದು, ನೀವೇ ಒಂದು ಮಾಡಿಕೊಳ್ಳುವುದು. ಫೋನಿನಲ್ಲಿ ತೆಗೆದ ಎರಡು ವಿಡಿಯೋ ತೆಗೆದುಕೊಳ್ಳಿ. ಎಫ್‌ಎಫ್‌ಎಂಪೆಗ್‌ಗೆ ಟಾರ್ಗೆಟ್ 'ಪಾಲ್-ಡಿವಿಡಿ' ಅಂದರೆ ಸಾಕು, 720 ಬೈ 576, ಸೆಕೆಂಡಿಗೆ 25 ಫ್ರೇಮು, ಎಲ್ಲ ಅದೇ ಹೊಂದಿಸಿಕೊಳ್ಳುತ್ತದೆ. ಆಮೇಲೆ ಡಿವಿಡಿಆಥರ್‌ಗೆ ಒಂದು ಸಣ್ಣ ಎಕ್ಸ್‌ಎಂಎಲ್ ಬರೆದು ಮೆನು, ಎರಡು ಬಟನ್ ಇಡಿ. ಎಕ್ಸ್‌ಎಂಎಲ್ ಬೇಡ ಅಂದರೆ ಡಿವಿಡಿಸ್ಟೈಲರ್ ಬಳಸಿ. ಡಿಸ್ಕಿಗೆ ಸುಡುವ ಅಗತ್ಯವೂ ಇಲ್ಲ. ಲಿಬ್‌ಡಿವಿಡಿನ್ಯಾವ್ ಡ್ರೈವ್ ಕೊಟ್ಟರೂ ಓದುತ್ತದೆ, ಐಎಸ್‌ಒ ಕೊಟ್ಟರೂ ಓದುತ್ತದೆ, ಬರೀ ಫೋಲ್ಡರ್ ಕೊಟ್ಟರೂ ಓದುತ್ತದೆ. ಯಾವ ಬಟನ್ ಒತ್ತಿದರೆ ಎಲ್ಲಿಗೆ ಹೋಗಬೇಕು ಅಂತ ನಿಮಗೇ ಗೊತ್ತಿರುವ ಡಿಸ್ಕ್ ಕೈಯಲ್ಲಿದ್ದರೆ ತಪ್ಪು ಹುಡುಕುವುದು ಎಷ್ಟೋ ಸಲೀಸು.

ಮೊದಲ ಪ್ರೋಗ್ರಾಂ ಏನು ಬರೆಯಲಿ?

ಡಿಸ್ಕಿನಲ್ಲಿ ಎಷ್ಟು ಟೈಟಲ್, ಒಂದೊಂದರಲ್ಲಿ ಎಷ್ಟು ಚಾಪ್ಟರ್, ಎಷ್ಟು ಹೊತ್ತು, ಇಷ್ಟನ್ನು ಮುದ್ರಿಸುವ ಪ್ರೋಗ್ರಾಂ. ಲಿಬ್‌ಡಿವಿಡಿರೀಡ್ ಒಂದೇ ಸಾಕು. ಡಿಸ್ಕ್ ತೆರೆಯಿರಿ, ಸೊನ್ನೆ ನಂಬರಿನ ಐಎಫ್‌ಒ ತೆರೆಯಿರಿ. ಅದು ಇಡೀ ಡಿಸ್ಕಿನ ಮುಖ್ಯ ನಕ್ಷೆ. ಅದರೊಳಗಿನ ಟೈಟಲ್ ಪಟ್ಟಿಯಲ್ಲಿ ಪ್ರತಿ ಟೈಟಲ್ ಯಾವ ಟೈಟಲ್ ಸೆಟ್ಟಿಗೆ ಸೇರಿದ್ದು, ಎಷ್ಟು ಚಾಪ್ಟರ್, ಎಷ್ಟು ಕೋನ ಅಂತ ಇರುತ್ತದೆ. ಎಲ್‌ಎಸ್‌ಡಿವಿಡಿ ಎನ್ನುವ ಸಣ್ಣ ಸಾಧನ ಇದನ್ನೇ ಮಾಡುತ್ತದೆ. ಅದರ ಸೋರ್ಸ್ ಓದಿ, ಒಂದು ಸಂಜೆಯ ಕೆಲಸ.

ಸಮಯ ಮುದ್ರಿಸುವಾಗ ಮಾತ್ರ ಹುಷಾರು. ಗಂಟೆ, ನಿಮಿಷ, ಸೆಕೆಂಡು ಬಿಸಿಡಿ ರೂಪದಲ್ಲಿ ಇರುತ್ತವೆ. ಅಂದರೆ 37 ನಿಮಿಷವನ್ನು ಹೆಕ್ಸ್‌ನ 37 ಅಂತ ಬರೆದಿರುತ್ತಾರೆ. ಸಾದಾ ಸಂಖ್ಯೆ ಅಂತ ಮುದ್ರಿಸಿದರೆ 55 ಬರುತ್ತದೆ. 'ಡಿಸ್ಕ್ 1 ಗಂಟೆ 37 ನಿಮಿಷ ಅನ್ನುತ್ತೆ, ನನ್ನ ಪ್ರೋಗ್ರಾಂ 1 ಗಂಟೆ 55 ನಿಮಿಷ ಅನ್ನುತ್ತೆ, ಲೈಬ್ರರಿಯಲ್ಲಿ ಬಗ್ ಇದೆ' ಅಂತ ಕೇಳುವವರು ಬರುತ್ತಲೇ ಇರುತ್ತಾರೆ. ಲೈಬ್ರರಿ ಸರಿಯಾಗಿಯೇ ಇದೆ. ಫ್ರೇಮ್ ಇರುವ ಬೈಟಿನಲ್ಲಿ ಮೇಲಿನ ಎರಡು ಬಿಟ್ ಫ್ರೇಮ್ ರೇಟ್ ಹೇಳುತ್ತವೆ. ಅವನ್ನು ತೆಗೆದು ಉಳಿದದ್ದನ್ನು ಓದಬೇಕು.

ಲಿಬ್‌ಡಿವಿಡಿನ್ಯಾವ್ ಹೇಗೆ ಕೆಲಸ ಮಾಡುತ್ತದೆ?

ಒಂದೇ ಲೂಪು. 'ಮುಂದಿನ ಬ್ಲಾಕ್ ಕೊಡು' ಅಂತ ಕೇಳುತ್ತಾ ಇರಿ. ಪ್ರತಿ ಸಲ ಅದು ಒಂದು ಈವೆಂಟ್ ಕೊಡುತ್ತದೆ. ಹೆಚ್ಚಿನ ಸಲ 'ಬ್ಲಾಕ್ ಸರಿ' ಅಂತ ಬರುತ್ತದೆ. ಜೊತೆಗೆ 2,048 ಬೈಟು, ಅಂದರೆ ಡಿಸ್ಕಿನ ಒಂದು ಸೆಕ್ಟರ್. ಅದನ್ನು ಡಿಮಕ್ಸರ್‌ಗೆ (ಬೆರೆತಿರುವ ಚಿತ್ರ, ಧ್ವನಿ, ಸಬ್‌ಟೈಟಲ್ ಬೇರ್ಪಡಿಸುವ ಭಾಗಕ್ಕೆ) ಕೊಡಿ. ಉಳಿದ ಸಲ ಬರುವುದು ಸುದ್ದಿಗಳು: ಸೆಲ್ ಬದಲಾಯಿತು, ಟೈಟಲ್ ಸೆಟ್ ಬದಲಾಯಿತು, ಆಡಿಯೋ ಬದಲಾಯಿತು, ಸಬ್‌ಟೈಟಲ್ ಬಣ್ಣಗಳು ಬದಲಾದವು, ಯಾವುದೋ ಬಟನ್ ಮೇಲೆ ಬೆಳಕು ಬಿತ್ತು, ಸ್ಟಿಲ್ ಚಿತ್ರ ಬಂತು, ಕಾಯಿರಿ, ನಿಲ್ಲಿಸಿ.

ಇವುಗಳಲ್ಲಿ ನ್ಯಾವ್ ಪ್ಯಾಕೆಟ್ ಎನ್ನುವುದನ್ನು ಚೆನ್ನಾಗಿ ಪರಿಚಯ ಮಾಡಿಕೊಳ್ಳಿ. ವಿಒಬಿ ಒಳಗೆ ಅರ್ಧದಿಂದ ಒಂದು ಸೆಕೆಂಡಿಗೊಮ್ಮೆ ಒಂದು ಬರುತ್ತದೆ. ಅದರಲ್ಲಿ ಎರಡು ಭಾಗ. ಪಿಸಿಐನಲ್ಲಿ ಈ ಹೊತ್ತಿಗೆ ತೆರೆಯ ಮೇಲೆ ಯಾವ ಬಟನ್ ಎಲ್ಲಿ ಇದೆ, ಈ ಚೂರಿನ ಸಮಯ ಎಲ್ಲಿಂದ ಎಲ್ಲಿಗೆ ಅಂತ ಇರುತ್ತದೆ. ಡಿಎಸ್‌ಐನಲ್ಲಿ ಮುಂದಕ್ಕೆ ಹಿಂದಕ್ಕೆ ಓಡಿಸಲು ಬೇಕಾದ ವಿಳಾಸಗಳು ಇರುತ್ತವೆ.

ಸೋರ್ಸ್ ಜೊತೆ 'ಎಕ್ಸಾಂಪಲ್ಸ್' ಫೋಲ್ಡರ್ ಇದೆ, ಅದರಲ್ಲಿ ಮೆನುಸ್ ಡಾಟ್ ಸಿ ಎನ್ನುವ ಒಂದು ಫೈಲು. ಅದು ಚಿತ್ರ ಏನೂ ತೋರಿಸುವುದಿಲ್ಲ. ಬರೀ ಈವೆಂಟ್ ಮುದ್ರಿಸಿ, ಯಾವ ಬಟನ್ ಒತ್ತಲಿ ಅಂತ ಕೇಳುತ್ತದೆ. ಅದನ್ನೇ ಕಂಪೈಲ್ ಮಾಡಿ ನಿಮ್ಮ ಡಿಸ್ಕ್ ಮೇಲೆ ಓಡಿಸಿ ನೋಡಿ. ಡಿಕೋಡರ್ ಕಡೆಗೆ ತಲೆ ಹಾಕುವ ಮೊದಲು ಈ ಕಪ್ಪು ಪರದೆಯಲ್ಲೇ ಮೆನುವಿನಿಂದ ಸಿನಿಮಾಕ್ಕೆ, ಸಿನಿಮಾದಿಂದ ಮೆನುವಿಗೆ ಓಡಾಡಿ ಬನ್ನಿ. ಆತುರ ಪಟ್ಟು ಮೊದಲೇ ಚಿತ್ರ ತೋರಿಸಲು ಹೊರಟರೆ ತಪ್ಪು ಡಿಕೋಡರಿನದ್ದಾ, ನ್ಯಾವಿಗೇಶನ್ನಿನದ್ದಾ ಅಂತಲೇ ಗೊತ್ತಾಗುವುದಿಲ್ಲ.

ಮೆನು ಬಂದ ತಕ್ಷಣ ಸಿಪಿಯು ನೂರಕ್ಕೆ ನೂರು ಓಡುತ್ತದೆ, ಪ್ರೋಗ್ರಾಂ ಮುಂದೆ ಹೋಗುವುದಿಲ್ಲ. ಯಾಕೆ?

ಸ್ಟಿಲ್ ಈವೆಂಟ್. ಮೆನು ನಿಂತ ಚಿತ್ರವಾಗಿದ್ದರೆ ಲಿಬ್‌ಡಿವಿಡಿನ್ಯಾವ್ ಡೇಟಾ ಕೊಡುವುದನ್ನು ನಿಲ್ಲಿಸಿ 'ಸ್ಟಿಲ್' ಅನ್ನುತ್ತದೆ. ನೀವು ಏನೂ ಮಾಡದೆ ಮತ್ತೆ ಕೇಳಿದರೆ ಮತ್ತೆ 'ಸ್ಟಿಲ್' ಅನ್ನುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಇದೇ ನಡೆಯುತ್ತದೆ. ಈವೆಂಟಿನಲ್ಲಿ ಎಷ್ಟು ಸೆಕೆಂಡು ಅಂತ ಇರುತ್ತದೆ. ಅಷ್ಟು ಹೊತ್ತು ಕಾದು 'ಸ್ಟಿಲ್ ದಾಟು' ಅಂತ ಹೇಳಬೇಕು. ಸೆಕೆಂಡಿನ ಜಾಗದಲ್ಲಿ 255 ಇದ್ದರೆ ಕೊನೆ ಇಲ್ಲ ಅಂತ ಅರ್ಥ. ನೋಡುವವರು ಬಟನ್ ಒತ್ತುವವರೆಗೆ ಸುಮ್ನೆ ನಿದ್ದೆ ಮಾಡಿ.

ಸಿನಿಮಾದ ಕೊನೆಯ ಒಂದೆರಡು ಸೆಕೆಂಡು ಕತ್ತರಿಸಿ ಮೆನುವಿಗೆ ಹಾರುತ್ತದೆ.

ಇದು ವೇಟ್ ಈವೆಂಟಿನ ಕಥೆ. ಓದುವ ಕೈ ತೋರಿಸುವ ಕೈಗಿಂತ ಯಾವಾಗಲೂ ಮುಂದೆ ಇರುತ್ತದೆ. ಕೊನೆಯ ಸೆಕ್ಟರ್ ಓದಿ ಆಗಿದೆ, ಆದರೆ ಬಫರಿನಲ್ಲಿ ಇನ್ನೂ ಒಂದಷ್ಟು ಫ್ರೇಮುಗಳಿವೆ. ಆಗ ಲೈಬ್ರರಿ 'ವೇಟ್' ಅನ್ನುತ್ತದೆ. ನಿಮ್ಮ ಬಫರು ಖಾಲಿ ಮಾಡಿಕೊಳ್ಳಿ, ಆಮೇಲೆ ಮುಂದಿನ ಆದೇಶ ಓಡಿಸುತ್ತೇನೆ ಅಂತ. ಸಿಕ್ಕ ತಕ್ಷಣ 'ವೇಟ್ ದಾಟು' ಅಂತ ಕರೆದರೆ ಉಳಿದ ಫ್ರೇಮುಗಳು ಹೋದವು.

ಇದರ ಉಲ್ಟಾ 'ಹಾಪ್ ಚಾನೆಲ್'. ನೋಡುವವರು ಬಟನ್ ಒತ್ತಿ ಬೇರೆ ಕಡೆ ಹಾರಿದ್ದಾರೆ. ಬಫರಿನಲ್ಲಿ ಇರುವುದೆಲ್ಲ ಹಳೆಯದು, ಕೂಡಲೇ ಚೆಲ್ಲಬೇಕು. ಚೆಲ್ಲದಿದ್ದರೆ ಬಟನ್ ಒತ್ತಿದ ಮೇಲೂ ಹಳೆಯ ಮೆನುವಿನ ಹಾಡು ಸ್ವಲ್ಪ ಹೊತ್ತು ಕೇಳಿಸುತ್ತಲೇ ಇರುತ್ತದೆ.

ಬಟನ್ ಕೆಲಸ ಮಾಡುತ್ತದೆ, ಆದರೆ ಯಾವುದರ ಮೇಲೆ ಇದ್ದೇನೆ ಅಂತ ತೆರೆಯಲ್ಲಿ ಕಾಣುವುದಿಲ್ಲ.

ಬಟನ್ನಿನ ಚಿತ್ರ ಹಿನ್ನೆಲೆಯ ವಿಡಿಯೋದಲ್ಲಿ ಇರುತ್ತದೆ. ಬೆಳಗುವ ಗುರುತು ಮಾತ್ರ ಸಬ್‌ಟೈಟಲ್ ಪದರದಲ್ಲಿ ಇರುತ್ತದೆ. ಆ ಪದರಕ್ಕೆ ನಾಲ್ಕೇ ಬಣ್ಣ, ಮಾಮೂಲಿಯಾಗಿ ಎಲ್ಲ ಪಾರದರ್ಶಕ. ಬಟನ್ ಆಯ್ಕೆ ಆದಾಗ ಆ ಬಟನ್ನಿನ ಚೌಕದೊಳಗೆ ಮಾತ್ರ ಬೇರೆ ಬಣ್ಣ, ಬೇರೆ ಪಾರದರ್ಶಕತೆ ಹಾಕಿ ಮತ್ತೆ ಬಿಡಿಸಬೇಕು. ಆ ಬಣ್ಣಗಳು ಪಿಸಿಐನಲ್ಲಿ ಇವೆ, ಒತ್ತುವ ಕ್ಷಣಕ್ಕೆ ಇನ್ನೊಂದು ಜೊತೆ ಬಣ್ಣವೂ ಇದೆ. ಮೆನುವಿನಲ್ಲಿ ನೋಡುವವರು ಸಬ್‌ಟೈಟಲ್ ಆಫ್ ಮಾಡಿದ್ದರೂ ಈ ಪದರವನ್ನು ಡಿಕೋಡ್ ಮಾಡಲೇಬೇಕು. ಬಹಳ ಜನ ಮರೆಯುವುದು ಇದನ್ನೇ.

ಒಂದು ಮೆನುವಿಗೆ ಜಾಸ್ತಿ ಅಂದರೆ 36 ಬಟನ್. ಅಗಲ ತೆರೆಗೂ ಹಳೆಯ ಟಿವಿಗೂ ಬೇರೆ ಬೇರೆ ಗುಂಪು ಇಟ್ಟಿದ್ದರೆ ಅದು 18 ಅಥವಾ 12ಕ್ಕೆ ಇಳಿಯುತ್ತದೆ.

ಚಾಪ್ಟರ್ ದಾಟಿದ ಮೇಲೆ ಧ್ವನಿ ಒಂದು ಕಡೆ, ತುಟಿ ಒಂದು ಕಡೆ.

ಡಿವಿಡಿಯಲ್ಲಿ ಸಮಯ ಅಳೆಯುವುದು ಸೆಕೆಂಡಿಗೆ 90,000 ಬಡಿತದ ಗಡಿಯಾರದಲ್ಲಿ. ಈ ಗಡಿಯಾರ ಇಡೀ ಸಿನಿಮಾಕ್ಕೆ ಒಂದೇ ಅಲ್ಲ. ಹೊಸ ಸೆಲ್ ಬಂದಾಗ ಮತ್ತೆ ಸೊನ್ನೆಯಿಂದ ಶುರುವಾಗಬಹುದು. ನಿಮ್ಮ ಪ್ಲೇಯರ್ ಹಳೆಯ ಲೆಕ್ಕವನ್ನೇ ಹಿಡಿದುಕೊಂಡು ಕೂತರೆ ಆಡಿಯೋ ಮುಂದೆ ಓಡುತ್ತದೆ, ಚಿತ್ರ ಇನ್ನೂ ಕಾಯುತ್ತಾ ಇರುತ್ತದೆ.

ಪ್ರತಿ ನ್ಯಾವ್ ಪ್ಯಾಕೆಟ್ಟಿನಲ್ಲೂ ಆ ಚೂರಿನ ಶುರು ಮತ್ತು ಕೊನೆಯ ಸಮಯ ಇರುತ್ತದೆ. ಹಿಂದಿನ ಚೂರಿನ ಕೊನೆ, ಈ ಚೂರಿನ ಶುರು, ಎರಡನ್ನೂ ಹೋಲಿಸಿ. ಒಂದೇ ಆಗಿದ್ದರೆ ಚಿಂತೆ ಇಲ್ಲ. ಬೇರೆ ಆಗಿದ್ದರೆ ವ್ಯತ್ಯಾಸವನ್ನು ಒಂದು ಆಫ್‌ಸೆಟ್‌ಗೆ ಸೇರಿಸಿ, ಅಲ್ಲಿಂದ ಮುಂದೆ ಬರುವ ಎಲ್ಲ ಸಮಯಕ್ಕೂ ಆ ಆಫ್‌ಸೆಟ್ ಕೂಡಿಸಿ. ಡಿಕೋಡರಿಗೆ ಹೋಗುವ ಮೊದಲೇ ಕೂಡಿಸಿ, ಆಮೇಲೆ ಅಲ್ಲ. ಬಫರಿನಲ್ಲಿ ಹಳೆಯ ಗಡಿಯಾರದ ಪ್ಯಾಕೆಟ್ಟೂ ಹೊಸದರ ಪ್ಯಾಕೆಟ್ಟೂ ಒಟ್ಟಿಗೆ ಇರುವ ಹೊತ್ತು ಬಂದೇ ಬರುತ್ತದೆ.

ಲಿಬ್‌ಡಿವಿಡಿಸಿಎಸ್‌ಎಸ್ ಬಳಸುವುದು ಕಾನೂನಿಗೆ ವಿರುದ್ಧವೇ?

ದೇಶ ನೋಡಿ ಹೇಳಬೇಕು. ಸಿಎಸ್‌ಎಸ್ ಅನ್ನುವುದು ಸಿನಿಮಾ ಡಿಸ್ಕಿನ ಗೂಢಲಿಪಿ, ಕೀಲಿ ಬರೀ 40 ಬಿಟ್. 1999ರಲ್ಲಿ ಡಿಸಿಎಸ್‌ಎಸ್ ಎನ್ನುವ ಪ್ರೋಗ್ರಾಂ ಅದನ್ನು ಬಿಡಿಸಿತು. ಅದಕ್ಕಾಗಿ ನಾರ್ವೆಯ ಹುಡುಗ ಯೋನ್ ಲೆಕ್ ಯೋಹಾನ್‌ಸೆನ್ ಮೇಲೆ ಕೇಸು ಬಿತ್ತು. 2003ರಲ್ಲಿ ಎರಡು ಹಂತದ ನ್ಯಾಯಾಲಯಗಳೂ ತಪ್ಪಿಲ್ಲ ಅಂತ ಬಿಟ್ಟವು. ಲಿಬ್‌ಡಿವಿಡಿಸಿಎಸ್‌ಎಸ್ ಯಾರ ಪ್ಲೇಯರಿನ ಕದ್ದ ಕೀಲಿಯನ್ನೂ ನಂಬಿ ಕೂತಿಲ್ಲ. ಆ ಲಿಪಿಯೇ ಎಷ್ಟು ದುರ್ಬಲ ಅಂದರೆ, ಕೀಲಿಯನ್ನು ಲೆಕ್ಕ ಹಾಕಿಯೇ ಕಂಡುಹಿಡಿಯಬಹುದು.

ಅಮೆರಿಕದ 1998ರ ಡಿಎಂಸಿಎ ಕಾಯ್ದೆ ಬೀಗ ಮುರಿಯುವ ಸಾಧನವನ್ನು ಹಂಚುವುದನ್ನೇ ತಡೆಯುತ್ತದೆ. ಭಾರತದಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಂ ಇದೆ. ಅದು ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ ಅನ್ನುತ್ತದೆ. ಇಲ್ಲಿ ತೂಕ ಇರುವುದು 'ಉದ್ದೇಶ' ಎನ್ನುವುದಕ್ಕೆ. ಕೊಂಡ ಡಿಸ್ಕನ್ನು ಮನೆಯಲ್ಲಿ ನೋಡುವುದಕ್ಕೂ ನೂರು ಪ್ರತಿ ಮಾಡಿ ಮಾರುವುದಕ್ಕೂ ವ್ಯತ್ಯಾಸ ಇದೆ ಅಂತ ಓದುವುದು ಸರಿ ಅಂತ ನನ್ನ ಅಭಿಪ್ರಾಯ. ನಾನು ವಕೀಲ ಅಲ್ಲ. ನಿಮ್ಮ ಪ್ಲೇಯರನ್ನು ಮಾರುವ ಯೋಚನೆ ಇದ್ದರೆ ವಕೀಲರನ್ನೇ ಕೇಳಿ. ಕಲಿಯುವುದಕ್ಕೆ ಈ ಲೈಬ್ರರಿ ಬೇಕಾಗುವುದೇ ಇಲ್ಲ.

ಡಿಸ್ಕ್ ಮೊದಲ ಸಲ ತೆರೆಯುವಾಗ ತುಂಬಾ ಹೊತ್ತು ಹಿಡಿಯುತ್ತದೆ.

ಲಿಬ್‌ಡಿವಿಡಿಸಿಎಸ್‌ಎಸ್ ಕೀಲಿ ಹುಡುಕುತ್ತಿದೆ. ಸಿಕ್ಕಿದ ಮೇಲೆ ಹೋಮ್ ಫೋಲ್ಡರಿನ ಒಳಗೆ ಡಿವಿಡಿಸಿಎಸ್‌ಎಸ್ ಎನ್ನುವ ಅಡಗಿದ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ಬೇಗ ತೆರೆಯುತ್ತದೆ.

ರೀಜನ್ ಅಂದರೇನು? ಭಾರತ ಯಾವುದು?

ಡಿಸ್ಕ್ ಯಾವ ದೇಶಗಳಲ್ಲಿ ಓಡಬೇಕು ಅಂತ ಹೇಳುವ ಸಂಖ್ಯೆ. ಭಾರತ 5. ಅಮೆರಿಕ, ಕೆನಡಾ 1. ಯುರೋಪ್, ಜಪಾನ್, ಮಧ್ಯಪ್ರಾಚ್ಯ 2. ಆಸ್ಟ್ರೇಲಿಯಾ 4. ದುಬೈನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಅಣ್ಣ ತಂದ ಹಾಲಿವುಡ್ ಡಿಸ್ಕ್ ಇಲ್ಲಿ ಓಡದೆ ಇರುವುದು ಇದಕ್ಕೇ. ನಮ್ಮ ಭಾಷೆಗಳ ಸಿನಿಮಾ ಡಿಸ್ಕುಗಳಲ್ಲಿ ಎಷ್ಟೋ 'ಎಲ್ಲ ರೀಜನ್' ಅಂತಲೇ ಬಂದವು. ಅವುಗಳಲ್ಲಿ ಈ ತೊಂದರೆ ಇಲ್ಲ.

ಕಂಪ್ಯೂಟರ್ ಡ್ರೈವಿನಲ್ಲಿ ರೀಜನ್ ಬದಲಿಸಲು ಐದೇ ಅವಕಾಶ. ಆಮೇಲೆ ಅದೇ ಖಾಯಂ. ರೀಜನ್ ಹೊಂದದಿದ್ದರೆ ಡ್ರೈವ್ ಕೀಲಿ ಕೊಡಲು ಒಪ್ಪುವುದಿಲ್ಲ. ಆಗ ಲಿಬ್‌ಡಿವಿಡಿಸಿಎಸ್‌ಎಸ್ ತಾನೇ ಲೆಕ್ಕ ಹಾಕಲು ಹೋಗುತ್ತದೆ. ಕೆಲವು ಡ್ರೈವುಗಳು ಸೆಕ್ಟರ್ ಓದಲೂ ಬಿಡುವುದಿಲ್ಲ. ಅಲ್ಲಿಗೆ ನಿಮ್ಮ ಕೋಡ್ ಏನೂ ಮಾಡಲಾಗದು.

ಎಲ್‌ಎಸ್‌ಡಿವಿಡಿ 99 ಟೈಟಲ್ ತೋರಿಸುತ್ತದೆ, ಎಲ್ಲ ಒಂದೇ ಉದ್ದ! ಅಸಲಿ ಸಿನಿಮಾ ಯಾವುದು?

ಅದು ನಕಲು ತಡೆಯುವ ಉಪಾಯ. 99 ಅನ್ನುವುದು ಡಿವಿಡಿಯಲ್ಲಿ ಇರಬಹುದಾದ ಗರಿಷ್ಠ ಟೈಟಲ್. ಅಸಲಿ ಒಂದು, ಉಳಿದವು ಸೆಲ್‌ಗಳನ್ನು ಕಲಸಿಟ್ಟ ನಕಲಿ. ಸೋನಿಯ ಆರ್ಕಾಸ್ ಥರದ್ದು ಇನ್ನೂ ಮುಂದೆ ಹೋಗಿ, ಓದಲು ಬಾರದ ಸೆಕ್ಟರುಗಳನ್ನು ಬೇಕೆಂದೇ ಡಿಸ್ಕಿನಲ್ಲಿ ಬಿತ್ತಿರುತ್ತದೆ.

ಉದ್ದ ನೋಡಿ ಆರಿಸುವವರು, ಮೊದಲಿನಿಂದ ಕೊನೆಗೆ ಓದುವವರು ಇಲ್ಲಿ ಬೀಳುತ್ತಾರೆ. ಡಿಸ್ಕ್ ಹೇಳಿದ ಹಾಗೆ ನಡೆದವರು ಬೀಳುವುದಿಲ್ಲ. ಮೊದಲ ಪಿಜಿಸಿಯಿಂದ ಶುರು ಮಾಡಿ, ಮೆನುವಿಗೆ ಬಂದು, 'ಪ್ಲೇ' ಬಟನ್ ಒತ್ತಿ. ವರ್ಚುವಲ್ ಮೆಷಿನ್ ನಿಮ್ಮನ್ನು ಎಲ್ಲಿಗೆ ಕರೆದುಕೊಂಡು ಹೋಯಿತೋ ಅದೇ ಅಸಲಿ ಟೈಟಲ್. ಮನೆಯ ಪ್ಲೇಯರ್ ಹೋಗುವುದೂ ಅದೇ ದಾರಿಯಲ್ಲಿ. ಹಾಳು ಸೆಕ್ಟರುಗಳು ಆ ದಾರಿಯಲ್ಲಿ ಇರುವುದೇ ಇಲ್ಲ.

ಕನ್ನಡ ಮೆನು, ಕನ್ನಡ ಸಬ್‌ಟೈಟಲ್ ಆಗುತ್ತದಾ?

ಖಂಡಿತ ಆಗುತ್ತದೆ. ನಮಗೆ ಇದರಲ್ಲಿ ಒಂದು ಅನುಕೂಲವೂ ಇದೆ. ಡಿವಿಡಿ ಸಬ್‌ಟೈಟಲ್ ಅಕ್ಷರವಲ್ಲ, ಚಿತ್ರ. ಪ್ಲೇಯರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೂ, ಯೂನಿಕೋಡ್ ಏನೆಂದು ಗೊತ್ತಿಲ್ಲದ ಹಳೆಯ ಪೆಟ್ಟಿಗೆಯಾದರೂ, ಒತ್ತಕ್ಷರ ಸರಿಯಾಗಿಯೇ ಕಾಣುತ್ತದೆ. ಓಡಿಸುವ ಕಡೆ ನೀವು ಏನೂ ಮಾಡಬೇಕಿಲ್ಲ.

ಕಷ್ಟ ಇರುವುದು ಡಿಸ್ಕ್ ಮಾಡುವ ಕಡೆ. ಡಿವಿಡಿಆಥರ್ ಜೊತೆ ಬರುವ ಎಸ್‌ಪಿಯುಮಕ್ಸ್‌ಗೆ ನೇರ ಕನ್ನಡ ಪಠ್ಯ ಕೊಟ್ಟರೆ ಅದು ಅಕ್ಷರಗಳನ್ನು ಒಂದೊಂದಾಗಿ ಜೋಡಿಸುತ್ತದೆ. 'ಅಕ್ಕ' ಕೊಟ್ಟರೆ ಒತ್ತು ಕೆಳಗೆ ಕೂರುವ ಬದಲು ಪಕ್ಕಕ್ಕೆ ಬಂದು ನಿಲ್ಲುತ್ತದೆ. ಪರಿಹಾರ ಸುಲಭ. ಕನ್ನಡ ಸರಿಯಾಗಿ ಜೋಡಿಸುವ ಬೇರೆ ಪ್ರೋಗ್ರಾಂನಲ್ಲಿ (ಪ್ಯಾಂಗೋ ಬಳಸುವ ಯಾವುದಾದರೂ ಸರಿ) ಪ್ರತಿ ಸಾಲನ್ನೂ ಪಿಎನ್‌ಜಿ ಚಿತ್ರ ಮಾಡಿ, ನಾಲ್ಕು ಬಣ್ಣಕ್ಕೆ ಇಳಿಸಿ, ಆ ಚಿತ್ರಗಳನ್ನು ಎಸ್‌ಪಿಯುಮಕ್ಸ್‌ಗೆ ಕೊಡಿ. ಅಂಚು ಸ್ವಲ್ಪ ಒರಟಾಗಿ ಕಾಣುತ್ತದೆ, ನಾಲ್ಕೇ ಬಣ್ಣ ಅಲ್ವಾ. ದಪ್ಪ ಫಾಂಟ್, ಕಪ್ಪು ಅಂಚು ಇಟ್ಟರೆ ಚೆನ್ನಾಗಿ ಓದಬಹುದು.

ಭಾಷೆಯ ಗುರುತು ಎರಡು ಅಕ್ಷರದ್ದು, ಕನ್ನಡಕ್ಕೆ 'ಕೆಎನ್'. ಲಿಬ್‌ಡಿವಿಡಿನ್ಯಾವ್‌ಗೆ ಶುರುವಿನಲ್ಲೇ ಮೆನು, ಆಡಿಯೋ, ಸಬ್‌ಟೈಟಲ್ ಮೂರಕ್ಕೂ ಭಾಷೆ ಹೇಳಿಬಿಡಿ. ಡಿಸ್ಕಿನಲ್ಲಿ ಕನ್ನಡ ಇದ್ದರೆ ಅದನ್ನೇ ತೆಗೆದುಕೊಳ್ಳುತ್ತದೆ.

ದುಡ್ಡು ಕೊಡಬೇಕಾ? ಲೈಸೆನ್ಸ್ ಏನು?

ದುಡ್ಡಿಲ್ಲ. ಮೂರೂ ಜಿಪಿಎಲ್. ನಿಮಗೆ ನೀವೇ ಬಳಸುವಾಗ ಯಾವ ಷರತ್ತೂ ಇಲ್ಲ. ಇವನ್ನು ಸೇರಿಸಿದ ಪ್ರೋಗ್ರಾಂ ಬೇರೆಯವರಿಗೆ ಕೊಟ್ಟರೆ ನಿಮ್ಮ ಸೋರ್ಸನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. ಲಿಬ್‌ವಿಎಲ್‌ಸಿ (ವಿಎಲ್‌ಸಿ ಪ್ಲೇಯರಿನ ಒಳಗಿನ ಲೈಬ್ರರಿ) ಎಲ್‌ಜಿಪಿಎಲ್ ಆದ್ದರಿಂದ ಸಡಿಲ, ಆದರೆ ಅದರ ಡಿವಿಡಿ ಪ್ಲಗಿನ್ ಬಳಸುವುದು ಇದೇ ಜಿಪಿಎಲ್ ಲೈಬ್ರರಿಗಳನ್ನು. ಸೋರ್ಸ್ ಮುಚ್ಚಿಟ್ಟು ಮಾರುವವರು ಇದನ್ನು ಮರೆಯಬಾರದು. ಎಂಪೆಗ್-2 ಪೇಟೆಂಟುಗಳ ಭಯ ಅಮೆರಿಕದಲ್ಲೂ 2018ರ ಫೆಬ್ರವರಿಗೆ ಮುಗಿಯಿತು.

ನನಗೆ ಸಿ ಬರುವುದಿಲ್ಲ, ಪೈಥಾನ್ ಸಾಕಾ?

ಡಿವಿಡಿ ಓಡಿದರೆ ಸಾಕು, ಒಳಗಿನದು ಬೇಡ ಅಂದರೆ ಈ ದಾರಿಯೇ ಬೇಡ. ಲಿಬ್‌ವಿಎಲ್‌ಸಿಯ ಪೈಥಾನ್ ಬೈಂಡಿಂಗ್ ತೆಗೆದುಕೊಳ್ಳಿ. ಮೆನು ಸಮೇತ ಓಡುವ ಪ್ಲೇಯರ್ ಒಂದು ಪುಟದ ಕೋಡಿನಲ್ಲಿ ಬರುತ್ತದೆ. ಮೆನು ಬೇಡ, ಒಂದು ಟೈಟಲ್ ತೆಗೆದು ಫೈಲ್ ಮಾಡಿದರೆ ಸಾಕು ಅನ್ನುವವರಿಗೆ ಹೊಸ ಎಫ್‌ಎಫ್‌ಎಂಪೆಗ್‌ನಲ್ಲೇ ಡಿವಿಡಿ ಓದುವ ಡಿಮಕ್ಸರ್ ಇದೆ. ಅದರ ಒಳಗೂ ಇರುವುದು ಇದೇ ಲಿಬ್‌ಡಿವಿಡಿರೀಡ್, ಲಿಬ್‌ಡಿವಿಡಿನ್ಯಾವ್.

ರಾಸ್ಪ್‌ಬೆರಿ ಪೈನಲ್ಲಿ ಓಡುತ್ತದಾ?

ಓಡುತ್ತದೆ. ಪೈ 4 ಮತ್ತು ಅದರ ಮುಂದಿನವು ಎಂಪೆಗ್-2ನ್ನು ಸಿಪಿಯುವಿನಲ್ಲೇ ಆರಾಮಾಗಿ ಬಿಡಿಸುತ್ತವೆ. ತೊಂದರೆ ಕೊಡುವುದು ಯುಎಸ್‌ಬಿ ಡಿವಿಡಿ ಡ್ರೈವ್. ಡಿಸ್ಕ್ ತಿರುಗಲು ಶುರುವಾಗುವಾಗ ಕರೆಂಟ್ ಜಾಸ್ತಿ ಎಳೆಯುತ್ತದೆ. ಡ್ರೈವ್ ಕಟಕಟ ಸದ್ದು ಮಾಡಿ ಮಾಯವಾದರೆ ಕೋಡ್ ನೋಡಬೇಡಿ, ಪ್ರತ್ಯೇಕ ಪವರ್ ಇರುವ ಯುಎಸ್‌ಬಿ ಹಬ್ ತನ್ನಿ.

ಹಳೆಯ ಮದುವೆ ಡಿಸ್ಕ್ ಅಲ್ಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಪ್ಲೇಯರ್ ಏನು ಮಾಡಬೇಕು?

ಮನೆಯಲ್ಲಿ ಸುಟ್ಟ ಡಿಸ್ಕಿನ ಬಣ್ಣದ ಪದರ ವರ್ಷಗಳಲ್ಲಿ ಹಾಳಾಗುತ್ತದೆ. ಬಿಸಿಲು, ಸೆಕೆ, ಮೇಲೆ ಅಂಟಿಸಿದ ಸ್ಟಿಕ್ಕರ್, ಯಾವುದೂ ಅದಕ್ಕೆ ಆಗುವುದಿಲ್ಲ. ಒಂದು ಸೆಕ್ಟರ್ ಓದಲಾಗದಿದ್ದರೆ ಪ್ರೋಗ್ರಾಂ ಮುಚ್ಚಬೇಡಿ. ಮುಂದಿನ ನ್ಯಾವ್ ಪ್ಯಾಕೆಟ್ಟಿಗೆ ಹಾರಿ, ನೋಡುವವರಿಗೆ ಅರ್ಧ ಸೆಕೆಂಡು ಹೋಗುತ್ತದೆ ಅಷ್ಟೇ.

ಆದರೆ ಅಂಥ ಡಿಸ್ಕನ್ನು ಪದೇ ಪದೇ ಡ್ರೈವಿಗೆ ಹಾಕಿ ಪ್ಲೇಯರ್ ಪರೀಕ್ಷೆ ಮಾಡಬೇಡಿ. ಮೊದಲು ಡಿಡಿರೆಸ್ಕ್ಯೂ ಬಳಸಿ, ಸೆಕ್ಟರ್ ಅಳತೆ 2,048 ಅಂತ ಕೊಟ್ಟು, ಲಾಗ್ ಫೈಲ್ ಇಟ್ಟುಕೊಂಡು ಐಎಸ್‌ಒ ಮಾಡಿ. ಒಂದು ಡ್ರೈವಿನಲ್ಲಿ ಬಾರದ ಸೆಕ್ಟರ್ ಇನ್ನೊಂದು ಡ್ರೈವಿನಲ್ಲಿ ಬರಬಹುದು. ಅದೇ ಲಾಗ್ ಕೊಟ್ಟು ಮತ್ತೆ ಓಡಿಸಿದರೆ ಉಳಿದದ್ದನ್ನು ಮಾತ್ರ ಓದುತ್ತದೆ. ಆಮೇಲೆ ನಿಮ್ಮ ಪ್ರಯೋಗವೆಲ್ಲ ಆ ಐಎಸ್‌ಒ ಮೇಲೆ ನಡೆಯಲಿ.

ಲೈಬ್ರರಿಯಲ್ಲೇ ಬಗ್ ಸಿಕ್ಕಿದೆ. ಯಾರಿಗೆ ಹೇಳಲಿ?

ವಿಡಿಯೋಲ್ಯಾನ್‌ನವರ ಗಿಟ್‌ಲ್ಯಾಬ್‌ನಲ್ಲಿ ಮೂರಕ್ಕೂ ಪ್ರತ್ಯೇಕ ಜಾಗ ಇದೆ. ಬರೆಯುವ ಮೊದಲು ಅದೇ ಡಿಸ್ಕನ್ನು ವಿಎಲ್‌ಸಿಯಲ್ಲಿ ಓಡಿಸಿ. ಅಲ್ಲಿ ಸರಿ ಇದ್ದರೆ ಬಗ್ ನಿಮ್ಮ ಕಡೆಯದ್ದು. ಅಲ್ಲೂ ಕೆಟ್ಟರೆ ಲಾಗ್ ಜೊತೆಗೆ ಐಎಫ್‌ಒ ಫೈಲುಗಳನ್ನು ಲಗತ್ತಿಸಿ. ಅವು ಸಣ್ಣವು, ಸಿನಿಮಾದ ಒಂದು ಫ್ರೇಮೂ ಅವುಗಳಲ್ಲಿ ಇರುವುದಿಲ್ಲ. ನ್ಯಾವಿಗೇಶನ್ ತಪ್ಪುಗಳಲ್ಲಿ ಬಹಳಷ್ಟನ್ನು ಅಷ್ಟರಿಂದಲೇ ಹಿಡಿಯಬಹುದು.